ಅಲರ್ಜಿಯ ಸಣ್ಣ ಗುಳಿಗೆ ಮತ್ತು ನಮ್ಮ ಯಕೃತ್ತು

ಮುಂಗಾರು ಬಿದ್ದು ಕೆಲವು ವಾರ ಕಳೆದರೆ ಸಾಕು, ಗದಗ-ಬೆಟಗೇರಿಯ ಖಾಲಿ ಜಾಗಗಳಲ್ಲಿ, ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯ ರಸ್ತೆ ಬದಿಗಳಲ್ಲಿ, ಮುಂಡರಗಿ ಕಡೆಯ ಹೊಲದ ಬದುಗಳಲ್ಲಿ ಕಾಂಗ್ರೆಸ್ ಕಸ ಎದ್ದು ನಿಲ್ಲುತ್ತದೆ. ಅದು ಬಿಳಿ ಹೂ ಬಿಟ್ಟ ಮೇಲೆ ಎಷ್ಟೋ ಮನೆಗಳಲ್ಲಿ ಸೀನು, ಕಣ್ಣುರಿ, ಮೈತುರಿಕೆ, ರಾತ್ರಿ ದಮ್ಮು ಶುರುವಾಗುತ್ತದೆ. ಔಷಧ ಅಂಗಡಿಯ ಮುಂದೆ ಆಗ ಕೇಳುವ ಮಾತು ನಮಗೆಲ್ಲ ಪರಿಚಿತ: "ಹೋದ ಸಲ ಕೊಟ್ಟಿದ್ರಲ್ಲರಿ, ಆ ಸಣ್ಣ ಬಿಳಿ ಗುಳಿಗಿ, ಇನ್ನೊಂದು ಹತ್ತು ಕೊಡ್ರಿ. ಒಂದ ದಿನದಾಗ ಆರಾಮ ಆಗಿತ್ತು."

ಒಂದೇ ದಿನದಲ್ಲಿ ಆರಾಮ ಕೊಟ್ಟ ಆ ಗುಳಿಗೆ ಯಾವುದು ಎಂದು ಕೇಳುವವರು ಕಡಿಮೆ. ಅಲರ್ಜಿಗೆ ಕೊಡುವ ಗುಳಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸೆಟಿರಿಝಿನ್, ಲೆವೊಸೆಟಿರಿಝಿನ್‌ನಂಥವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಇವುಗಳಿಂದ ಸ್ವಲ್ಪ ನಿದ್ದೆ ಬರಬಹುದು, ದೊಡ್ಡ ಅಪಾಯ ಅಪರೂಪ. ಇನ್ನೊಂದು ಜಾತಿ ಸ್ಟೀರಾಯ್ಡ್: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಾಝಕಾರ್ಟ್. ಪಟ್ಟಿಯ ಮೇಲಿನ ಹೆಸರು "ಲೋನ್" ಅಥವಾ "ಸೋನ್" ಎಂದು ಮುಗಿದರೆ ಹೆಚ್ಚಾಗಿ ಅದು ಈ ಜಾತಿಯದೇ. ಈ ಲೇಖನ ಎರಡನೆಯ ಜಾತಿಯ ಬಗ್ಗೆ. ಅದರ ಕಥೆ ತಿಳಿಯಬೇಕಾದರೆ ಯಕೃತ್ತಿನ, ಅಂದರೆ ಲಿವರ್‌ನ ಕೆಲಸವನ್ನು ತಿಳಿಯಬೇಕು.

ಸ್ಟೀರಾಯ್ಡ್ ಹೊರಗಿನ ವಸ್ತು ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅಲ್ಲಾಹನು ಅದನ್ನು ನಮ್ಮ ದೇಹದೊಳಗೇ ಇಟ್ಟಿದ್ದಾನೆ. ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ದಿನವೂ ತಯಾರಿಸುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಅದರ ಪ್ರಮಾಣ ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ. ರಕ್ತದೊತ್ತಡ ಬೀಳದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದೂ, ಉರಿಯೂತ ಮಿತಿ ಮೀರದಂತೆ ತಡೆಯುವುದೂ ಇದರ ಕೆಲಸ. ಎಷ್ಟು ತಯಾರಾಗಬೇಕೆಂದು ಹೇಳುವುದು ಮಿದುಳು. ರಕ್ತದಲ್ಲಿ ಕಡಿಮೆಯಾದರೆ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ "ಇನ್ನಷ್ಟು ಮಾಡು" ಎಂದು ಸಂದೇಶ ಕಳಿಸುತ್ತದೆ, ಸಾಕಷ್ಟಿದ್ದರೆ ಸುಮ್ಮನಾಗುತ್ತದೆ.

ಇದಕ್ಕೊಂದು ದಿನಚರಿಯೂ ಇದೆ. ಬೆಳಗ್ಗೆ ಎಚ್ಚರವಾಗುವ ಹೊತ್ತಿಗೆ ಕಾರ್ಟಿಸಾಲ್ ತುತ್ತತುದಿಯಲ್ಲಿರುತ್ತದೆ, ನಡುರಾತ್ರಿಯ ಸುಮಾರಿಗೆ ತಳಕ್ಕೆ ಇಳಿದಿರುತ್ತದೆ. ದಮ್ಮು ಇರುವವರಿಗೆ ತಹಜ್ಜುದ್‌ನ ಹೊತ್ತಿನಲ್ಲಿ, ಫಜ್ರ್‌ಗೆ ಮುಂಚೆ ಕೆಮ್ಮು ಏರುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣ. ಉರಿಯೂತವನ್ನು ತಡೆಯುವ ಕಾವಲುಗಾರ ಆಗ ಕಡಿಮೆ ಸಂಖ್ಯೆಯಲ್ಲಿರುತ್ತಾನೆ.

ತಯಾರಾದದ್ದು ಹಾಗೆಯೇ ಉಳಿದರೆ ರಕ್ತದಲ್ಲಿ ರಾಶಿ ಬೀಳುತ್ತದೆ. ಅದನ್ನು ಕಳಚಿ ಹಾಕುವುದು ಮುಖ್ಯವಾಗಿ ಯಕೃತ್ತು. ಅಲ್ಲಿನ ಕಿಣ್ವಗಳು ಕಾರ್ಟಿಸಾಲ್‌ನ ರಚನೆಯನ್ನು ಬದಲಿಸಿ ಅದರ ಬಲ ತೆಗೆಯುತ್ತವೆ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ದಾರಿಗೆ ಬಿಡುತ್ತವೆ. ಸುಮಾರು ಒಂದೂವರೆ ಗಂಟೆಯೊಳಗೆ ರಕ್ತದಲ್ಲಿದ್ದ ಕಾರ್ಟಿಸಾಲ್‌ನ ಅರ್ಧ ಹೀಗೆ ಖಾಲಿಯಾಗುತ್ತದೆ. ಆದರೆ ಯಕೃತ್ತು ಬರೀ ಕಳಚುವ ಗುಜರಿ ಅಂಗಡಿಯಲ್ಲ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್‌ನ ಒಂದಷ್ಟು ಭಾಗ ಕಾರ್ಟಿಸೋನ್ ಎಂಬ ಬಲವಿಲ್ಲದ ರೂಪಕ್ಕೆ ಇಳಿಯುತ್ತದೆ. ಯಕೃತ್ತು ಅದನ್ನು ಹಿಡಿದು ಮತ್ತೆ ಬಲವುಳ್ಳ ಕಾರ್ಟಿಸಾಲ್ ಮಾಡುತ್ತದೆ. ಮಾಡುವುದೂ ಮುರಿಯುವುದೂ ಒಂದೇ ಮನೆಯಲ್ಲಿ ನಡೆಯುತ್ತದೆ.

ಈ ಸಂಬಂಧ ವೈದ್ಯರ ಕಣ್ಣಿಗೆ ಬಿದ್ದದ್ದು ಕಾಮಾಲೆಯಿಂದ ಎಂಬುದು ಸ್ವಾರಸ್ಯ. ನಮ್ಮ ಕಡೆ ಕಾಮಣಿ ಎನ್ನುತ್ತೇವಲ್ಲ, ಅದೇ. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿಗೆ ಒಬ್ಬ ರೋಗಿ ವಿಚಿತ್ರ ಸಂಗತಿ ಹೇಳಿದ: ವರ್ಷಗಟ್ಟಲೆ ಕಾಡಿದ ಸಂಧಿವಾತ ಕಾಮಾಲೆ ಬಂದ ಕೂಡಲೇ ಮಾಯವಾಗಿತ್ತು. ಹೆಂಚ್ ಬೆನ್ನು ಹತ್ತಿದರು. ಕಾಮಾಲೆಯಲ್ಲೂ ಗರ್ಭಿಣಿಯರಲ್ಲೂ ಸಂಧಿವಾತ ತಗ್ಗುವುದನ್ನು ಮತ್ತೆ ಮತ್ತೆ ಕಂಡರು, ದೇಹದೊಳಗೇ ಯಾವುದೋ ಒಂದು ವಸ್ತು ಈ ಕೆಲಸ ಮಾಡುತ್ತಿದೆ ಎಂದು ಊಹಿಸಿದರು. ಅದೇ ಸಂಸ್ಥೆಯ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ಕಾರ್ಟಿಸೋನನ್ನು 1948ರಲ್ಲಿ ಸಂಧಿವಾತದ ರೋಗಿಗೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಯಕೃತ್ತು ಸೊರಗಿದಾಗ ಕಾರ್ಟಿಸಾಲ್ ಕಳಚುವ ವೇಗ ತಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದು ಕೊಟ್ಟ ಕಾರ್ಟಿಸೋನ್ ಕೂಡ ಬಲವಿಲ್ಲದ ರೂಪವೇ. ರೋಗಿಯ ದೇಹ, ಮುಖ್ಯವಾಗಿ ಯಕೃತ್ತು, ಅದನ್ನು ಕಾರ್ಟಿಸಾಲ್ ಮಾಡಿಕೊಂಡದ್ದರಿಂದಲೇ ಅದು ಔಷಧವಾಯಿತು.

ಈಗ ಅಲರ್ಜಿಯ ವಿಷಯಕ್ಕೆ ಬರೋಣ. ಪರಾಗವೋ ಧೂಳೋ ಒಳಗೆ ಹೋದಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಚೆಲ್ಲುತ್ತವೆ. ಜೊತೆಗೆ ಇತರ ರಕ್ಷಣಾ ಕೋಶಗಳು ಸೈಟೊಕೈನ್ ಎಂಬ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ನಾಲ್ಕು ಸೀನಿಗೆ ಯಕೃತ್ತು ಏನೂ ಅಲುಗಾಡುವುದಿಲ್ಲ, ಗಾಬರಿ ಬೇಡ. ಆದರೆ ಪ್ರತಿಕ್ರಿಯೆ ಜೋರಾದರೆ, ಅದರಲ್ಲೂ ಮೇಲೊಂದು ಜ್ವರ, ಕಫ, ಸೋಂಕು ಕೂಡಿದರೆ, ಸಂದೇಶ ಯಕೃತ್ತಿಗೂ ಮುಟ್ಟುತ್ತದೆ. ಅದು ತನ್ನ ದಿನನಿತ್ಯದ ಕೆಲಸ ಸ್ವಲ್ಪ ಬದಿಗಿಟ್ಟು ರಕ್ಷಣೆಯ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಆಗ ಸ್ಟೀರಾಯ್ಡನ್ನೂ ಹಲವು ಔಷಧಗಳನ್ನೂ ಕಳಚುವ ಕೆಲವು ಕಿಣ್ವಗಳು ಕಡಿಮೆಯಾಗುತ್ತವೆ. ಇತ್ತ ಬಾತುಕೊಂಡ ಅಂಗಾಂಶದಲ್ಲಿ ಕಾರ್ಟಿಸೋನನ್ನು ಮತ್ತೆ ಕಾರ್ಟಿಸಾಲ್ ಮಾಡುವ ಕಿಣ್ವ ಹೆಚ್ಚುತ್ತದೆ. ಮುರಿಯುವುದು ನಿಧಾನ, ಮಾಡುವುದು ಜೋರು. ಕಷ್ಟಕಾಲದಲ್ಲಿ ಮನೆಯ ಯಜಮಾನಿ ಇದ್ದ ಹಿಟ್ಟಿನಲ್ಲೇ ನಾಲ್ಕು ದಿನ ತೂಗಿಸುವಂತೆ ದೇಹ ತನ್ನ ಸ್ಟೀರಾಯ್ಡನ್ನು ತೂಗಿಸುತ್ತದೆ. ವರ್ಷಗಟ್ಟಲೆ ಅಲರ್ಜಿಯಿಂದ ನರಳಿದವರ ಸ್ಥಿತಿ ಬೇರೆ. ಇಸಬು ಮತ್ತು ದಮ್ಮು ಇರುವ ಕೆಲವು ಮಕ್ಕಳಲ್ಲಿ ಒತ್ತಡದ ಹೊತ್ತಿಗೆ ಏರಬೇಕಾದ ಕಾರ್ಟಿಸಾಲ್ ಅಷ್ಟಾಗಿ ಏರುವುದಿಲ್ಲ ಎಂದು ಸಂಶೋಧಕರು ಕಂಡಿದ್ದಾರೆ.

ಇಷ್ಟು ಸೂಕ್ಷ್ಮವಾಗಿ ತೂಗುತ್ತಿರುವ ತಕ್ಕಡಿಗೆ ನಾವು ಅಂಗಡಿಯ ಗುಳಿಗೆ ಹಾಕುತ್ತೇವೆ.

ಗುಳಿಗೆಯ ಮೇಲೆ 0.5 ಮಿಲಿಗ್ರಾಂ ಎಂದು ಬರೆದಿರುತ್ತದೆ. ಅರ್ಧ ಮಿಲಿಗ್ರಾಂ ಏನು ಮಹಾ ಎನಿಸುತ್ತದೆ. ಲೆಕ್ಕ ನೋಡಿ. 20 ಮಿಲಿಗ್ರಾಂ ಕಾರ್ಟಿಸಾಲ್ ಮಾಡುವ ಕೆಲಸವನ್ನು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾಡುತ್ತದೆ. ಡೆಕ್ಸಾಮೆಥಾಸೋನ್ ಆದರೆ ಮುಕ್ಕಾಲು ಮಿಲಿಗ್ರಾಂ ಸಾಕು, ಬೀಟಾಮೆಥಾಸೋನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆ ಅರ್ಧ ಮಿಲಿಗ್ರಾಂ ಗುಳಿಗೆ ಒಂದೇ ಸುಮಾರು 13 ಮಿಲಿಗ್ರಾಂ ಕಾರ್ಟಿಸಾಲ್‌ಗೆ ಸಮ, ದೇಹ ಇಡೀ ದಿನ ದುಡಿದು ಮಾಡುವಷ್ಟು. ದಿನಕ್ಕೆ ಮೂರು ನುಂಗಿದರೆ ಎರಡು ಮೂರು ಪಟ್ಟು. ಮೇಲಾಗಿ ಇವನ್ನು ಯಕೃತ್ತು ಬೇಗ ಕಳಚಲಾರದಂತೆಯೇ ರೂಪಿಸಲಾಗಿದೆ. ಡೆಕ್ಸಾಮೆಥಾಸೋನ್‌ನ ಒಂದು ಗುಳಿಗೆಯ ಪರಿಣಾಮ ಒಂದೂವರೆ ದಿನಕ್ಕಿಂತ ಹೆಚ್ಚು ನಿಲ್ಲುತ್ತದೆ.

ರಕ್ತದಲ್ಲಿ ಇಷ್ಟು ಸ್ಟೀರಾಯ್ಡ್ ಕಂಡ ಮಿದುಳು ಅಡ್ರಿನಲ್‌ಗೆ ಸಂದೇಶ ಕಳಿಸುವುದನ್ನು ನಿಲ್ಲಿಸುತ್ತದೆ. ನಾಲ್ಕಾರು ದಿನವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂರು ವಾರ ದಾಟಿ ತಿಂಗಳುಗಟ್ಟಲೆ ನಡೆದರೆ ಕೆಲಸವಿಲ್ಲದ ಗ್ರಂಥಿ ಸೊರಗುತ್ತದೆ. ಈ ನಡುವೆ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ. "ಮೈ ತುಂಬಿಕೊಂಡಾಳ, ಮಾಶಾಅಲ್ಲಾಹ್" ಎಂದು ಖಾಲಾಗಳು ಸಂತೋಷಪಡುತ್ತಾರೆ! ಒಳಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏರುತ್ತಿರುತ್ತದೆ, ಮೂಳೆ ಟೊಳ್ಳಾಗುತ್ತಿರುತ್ತದೆ, ಕಣ್ಣಿಗೆ ಪೊರೆ ಬರುತ್ತಿರುತ್ತದೆ, ಮಕ್ಕಳ ಎತ್ತರ ನಿಂತಿರುತ್ತದೆ. ಮಲಗಿದ್ದ ಕ್ಷಯ ಎದ್ದೇಳುವುದೂ ಉಂಟು.

ಇದನ್ನು ಓದಿ ಯಾರೂ ಇವತ್ತೇ ಗುಳಿಗೆ ಬಿಸಾಡಬಾರದು. ಅದು ಇನ್ನೂ ದೊಡ್ಡ ಅಪಾಯ. ಹೊರಗಿನ ಸ್ಟೀರಾಯ್ಡ್ ಹಠಾತ್ತನೆ ನಿಂತು, ಒಳಗಿನ ಗ್ರಂಥಿ ಇನ್ನೂ ಏಳದಿದ್ದರೆ ದೇಹದಲ್ಲಿ ಕಾರ್ಟಿಸಾಲ್ ಇಲ್ಲವಾಗುತ್ತದೆ. ಏಳಲಾಗದ ಸುಸ್ತು, ವಾಂತಿ, ಹೊಟ್ಟೆನೋವು, ತಲೆಸುತ್ತು, ರಕ್ತದೊತ್ತಡ ಕುಸಿತ, ಮಂಪರು. ಸಕಾಲಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಸಿಗದಿದ್ದರೆ ಪ್ರಾಣವೇ ಹೋಗಬಹುದು. ನೋಡಿದವರು "ಹೊಟ್ಟೆ ಕೆಟ್ಟಿದೆ, ನೀರು ಕಡಿಮೆಯಾಗಿದೆ" ಎಂದುಕೊಂಡು ಗ್ಲುಕೋಸ್ ಹಾಕಿಸಿ ಮನೆಗೆ ಕರೆದೊಯ್ಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು: "ಇವರಿಗೆ ಇಷ್ಟು ತಿಂಗಳಿಂದ ಸ್ಟೀರಾಯ್ಡ್ ಗುಳಿಗೆ ನಡೆದಿತ್ತು." ಜ್ವರ ಬಂದಾಗಲೂ, ಶಸ್ತ್ರಚಿಕಿತ್ಸೆಗೆ ಮುಂಚೆಯೂ ಇದನ್ನೇ ಹೇಳಬೇಕು, ಆಗ ದೇಹಕ್ಕೆ ಹೆಚ್ಚು ಸ್ಟೀರಾಯ್ಡ್ ಬೇಕಾಗುತ್ತದೆ. ಗುಳಿಗೆ ಬಿಡಿಸುವುದಾದರೆ ವೈದ್ಯರು ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಮೃಗಶಿರಾ ಮಳೆಯ ಹೊತ್ತಿಗೆ ದಮ್ಮಿನ ಮೀನು ಔಷಧಕ್ಕೆಂದು ಕರ್ನಾಟಕದಿಂದಲೂ ಜನ ಹೈದರಾಬಾದಿಗೆ ಹೋಗುತ್ತಾರೆ. ಆ ಔಷಧದ ಮಾತು ಬೇರೆ, ಅದನ್ನು ನಂಬಿ ನಡೆಯುತ್ತಿರುವ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಮಾತ್ರ ಸಲ್ಲದು.

ಯಕೃತ್ತಿನ ವೇಗವನ್ನು ಬದಲಿಸುವ ಇನ್ನೊಂದು ಸಂಗತಿ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಅದು ಜೊತೆಗೆ ನುಂಗುವ ಬೇರೆ ಗುಳಿಗೆಗಳು. ಕ್ಷಯಕ್ಕೆ ಸರ್ಕಾರ ಉಚಿತವಾಗಿ ಕೊಡುವ ಔಷಧದಲ್ಲಿ ರಿಫಾಂಪಿಸಿನ್ ಇದೆ, ಮೂತ್ರವನ್ನು ಕೇಸರಿ ಬಣ್ಣ ಮಾಡುವುದು ಅದೇ. ಅದು ಯಕೃತ್ತಿನ ಕಳಚುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಎರಡು ವಾರದ ಸುಮಾರಿಗೆ ಪರಿಣಾಮ ಪೂರ್ಣವಾಗಿ ಕಾಣುತ್ತದೆ. ದಮ್ಮಿಗೆ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದವರಿಗೆ ಅದೇ ಪ್ರಮಾಣ ಆಗ ಸಾಲದೆ ಹೋಗುತ್ತದೆ, "ಗುಳಿಗಿ ಹತ್ತವಲ್ದು" ಎನ್ನುತ್ತಾರೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಝೆಪಿನ್, ಫಿನೋಬಾರ್ಬಿಟೋನ್ ಕೂಡ ಹೀಗೆಯೇ. ಕ್ಷಯದ ಔಷಧವನ್ನಾಗಲಿ ಫಿಟ್ಸ್ ಔಷಧವನ್ನಾಗಲಿ ಇದಕ್ಕಾಗಿ ಬಿಡಬಾರದು, ಸ್ಟೀರಾಯ್ಡ್ ಪ್ರಮಾಣವನ್ನು ವೈದ್ಯರು ಹೊಂದಿಸುತ್ತಾರೆ.

ಇದಕ್ಕೆ ಉಲ್ಟಾ ಮಾಡುವುದು ಗಜಕರ್ಣದ ಗುಳಿಗೆ. ಇಟ್ರಾಕೊನಝೋಲ್, ಕೀಟೊಕೊನಝೋಲ್ ಯಕೃತ್ತಿನ ಅದೇ ಕಿಣ್ವಗಳನ್ನು ತಡೆಹಿಡಿಯುತ್ತವೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಸಹ. ಆಗ ಸಣ್ಣ ಪ್ರಮಾಣದ ಸ್ಟೀರಾಯ್ಡೂ ರಕ್ತದಲ್ಲಿ ರಾಶಿಯಾಗುತ್ತದೆ. ನಮ್ಮಲ್ಲಿ ಒಂದೇ ಮನೆಯಲ್ಲಿ, ಒಬ್ಬರಲ್ಲೇ ಇವೆರಡೂ ಸೇರುವುದು ಸುಲಭ: ತೊಡೆಸಂದಿನ ಗಜಕರ್ಣಕ್ಕೆ ಒಬ್ಬರ ಹತ್ತಿರ ಔಷಧ, ಸೀನಿಗೆ ಇನ್ನೊಬ್ಬರ ಹತ್ತಿರ ಗುಳಿಗೆ. ಗಜಕರ್ಣಕ್ಕೆಂದು ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. ತುರಿಕೆ ತಕ್ಷಣ ನಿಂತು ರೋಗ ಮಾತ್ರ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಸ್ಟೀರಾಯ್ಡ್ ಗುಳಿಗೆಗಳು ಮೊದಲೇ ಆ ಪಟ್ಟಿಯಲ್ಲಿದ್ದವು. ಪಟ್ಟಿ ಇದ್ದೂ ಗುಳಿಗೆ ಬಿಡಿಬಿಡಿಯಾಗಿ ಸಿಗುತ್ತದೆ ಎಂಬುದು ನಮಗೂ ಗೊತ್ತು, ಅಂಗಡಿಯವರಿಗೂ ಗೊತ್ತು.

ಅಡುಗೆಮನೆಯಲ್ಲೂ ಒಂದು ಎಚ್ಚರಿಕೆ. ಕೆಮ್ಮಿಗೆ ನಾವು ಬಾಯಲ್ಲಿಡುವ ಮುಲೇಠಿ, ಅಂದರೆ ಜ್ಯೇಷ್ಠಮಧು, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಬಲ ಕಳೆಯುವುದನ್ನು ತಡೆಯುತ್ತದೆ. ಎರಡು ದಿನ ಒಂದು ಚೂರು ಚೀಪಿದರೆ ಏನಾಗದು. ತಿಂಗಳುಗಟ್ಟಲೆ ಕಷಾಯ ಕುಡಿದರೆ ರಕ್ತದೊತ್ತಡ ಏರಿ ಪೊಟ್ಯಾಶಿಯಂ ಇಳಿಯುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಬಿ.ಪಿ. ಇರುವ ಹಿರಿಯರು ಇದನ್ನು ದೂರವಿಡುವುದೇ ಲೇಸು.

ಹಾಗಾದರೆ ದಮ್ಮಿನವರು ಏನು ಮಾಡಬೇಕು? ಉತ್ತರ ನಮ್ಮ ಜನ ಹೆದರುವ ಆ "ಪಂಪಿ"ನಲ್ಲೇ ಇದೆ. ಪಂಪು ಹಚ್ಚಿದರೆ ಜೀವಮಾನ ಬಿಡಲಾಗದು, ಹುಡುಗಿಗೆ ಸಂಬಂಧ ಬರುವುದಿಲ್ಲ ಎಂದು ಗುಳಿಗೆ ನುಂಗಿಸುವ ತಾಯಂದಿರಿದ್ದಾರೆ. ಬ್ಯುಡೆಸೊನೈಡ್ ಪಂಪಿನ ಒಂದು ಸೆಳೆತದಲ್ಲಿ ಇರುವುದು ಸಾಮಾನ್ಯವಾಗಿ 200 ಮೈಕ್ರೊಗ್ರಾಂ ಇಲ್ಲವೇ ಅದಕ್ಕಿಂತ ಕಡಿಮೆ. 5 ಮಿಲಿಗ್ರಾಂ ಗುಳಿಗೆಯ ತೂಕದ ಇಪ್ಪತ್ತೈದರಲ್ಲಿ ಒಂದು ಭಾಗ. ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಗಂಟಲಿಗೆ ಅಂಟಿ ಹೊಟ್ಟೆಗೆ ಇಳಿದ ಪಾಲು ಕರುಳಿನಿಂದ ಮೊದಲು ಯಕೃತ್ತಿಗೆ ಬರುತ್ತದೆ, ಅಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಮುರಿದುಹೋಗುತ್ತದೆ, ಮೈತುಂಬ ಹರಡುವುದು ಅಲ್ಪ. ಯಕೃತ್ತು ಇಲ್ಲಿ ನಮ್ಮ ಪರ ಕೆಲಸ ಮಾಡುತ್ತದೆ. ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಬೂಸಲು ಬರುತ್ತದೆ. ಜೋರು ದಮ್ಮು ಬಂದಾಗ ವೈದ್ಯರು ಐದಾರು ದಿನ ಸ್ಟೀರಾಯ್ಡ್ ಗುಳಿಗೆ ಬರೆದರೆ ನಿರ್ಭಯವಾಗಿ ತೆಗೆದುಕೊಳ್ಳಿ, ಅದು ಜೀವ ಉಳಿಸುವ ಔಷಧ. ಇಂಜೆಕ್ಷನ್‌ನಿಂದಲೋ ಕಣಜ ಕಚ್ಚಿಯೋ ಮೈಯೆಲ್ಲ ಗಂಧೆ ಎದ್ದು, ಉಸಿರು ಕಟ್ಟಿ, ತಲೆ ತಿರುಗಿದರೆ ಮಾತ್ರ ಮನೆಯಲ್ಲಿ ಗುಳಿಗೆ ನುಂಗಿಸಿ ಕಾಯಬೇಡಿ. ಅಲ್ಲಿ ಮೊದಲು ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಕೂಡಲೇ ಆಸ್ಪತ್ರೆ.

ರಮಝಾನ್ ಬಗ್ಗೆ ಹಲವರು ಕೇಳುತ್ತಾರೆ. ದಿನಕ್ಕೊಮ್ಮೆ ಪ್ರೆಡ್ನಿಸೊಲೋನ್ ಇರುವವರಿಗೆ ಅದನ್ನು ಸಹರಿಯ ಊಟದ ಜೊತೆ ಹೊಂದಿಸಲು ಹೆಚ್ಚಾಗಿ ಸಾಧ್ಯ, ದೇಹದ ಸ್ವಂತ ಕಾರ್ಟಿಸಾಲ್ ಏರುವುದೂ ಆ ಹೊತ್ತಿನ ಆಸುಪಾಸಿನಲ್ಲೇ. ಆದರೆ ಚಂದ್ರ ಕಂಡ ಮೇಲೆ ಅಲ್ಲ, ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿ. ಅಡ್ರಿನಲ್ ಸೊರಗಿದವರಿಗೆ ಉಪವಾಸ ಅಪಾಯಕಾರಿಯಾಗಬಹುದು. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ಸೂರಃ ಅಲ್ ಬಕರದಲ್ಲೇ ಕೊಟ್ಟಿದೆ. ಪಂಪಿನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳ ಅಭಿಪ್ರಾಯ ಬೇರೆ ಬೇರೆ ಇದೆ. ನಿಮ್ಮ ಇಮಾಮರನ್ನು ಕೇಳಿ, ಉಸಿರು ಕಟ್ಟಿದಾಗ ಮಾತ್ರ ಕೇಳುತ್ತಾ ಕೂರಬೇಡಿ.

ಗುಳಿಗೆಯ ಅಗತ್ಯವನ್ನೇ ಕಡಿಮೆ ಮಾಡುವ ಕೆಲಸ ಮನೆಯಲ್ಲೂ ಮಸೀದಿಯಲ್ಲೂ ಇದೆ. ಸಜ್ದಾದಲ್ಲಿ ಮೂಗು ನೆಲ ಮುಟ್ಟುತ್ತದೆ. ವರ್ಷಗಟ್ಟಲೆ ಬಿಸಿಲು ಕಾಣದ ದಪ್ಪ ಜಮಖಾನೆಯಲ್ಲಿ ಧೂಳಿನ ನುಸಿಗಳು ತುಂಬಿರುತ್ತವೆ. ಮಸೀದಿಯ ಕಮಿಟಿಯವರು ವ್ಯಾಕ್ಯೂಮ್ ಯಂತ್ರ ತರಿಸಬಹುದು, ಜಮಖಾನೆಯನ್ನು ಬಿಸಿಲಿಗೆ ಹಾಕಿಸಬಹುದು. ಝಾಡಿಸುವುದು ಜುಮಾಗೆ ಜನ ಸೇರುವ ಹೊತ್ತಿಗಲ್ಲ, ಗುರುವಾರವೇ. ಮನೆಯಲ್ಲಿ ಕೌದಿಗಳದೂ ಅದೇ ಕಥೆ: ಟ್ರಂಕಿನಿಂದ ತೆಗೆದದ್ದನ್ನು ಹಾಗೇ ಹೊದೆಯಬೇಡಿ, ಬಿಸಿನೀರಿನಲ್ಲಿ ಒಗೆದು ಕಡು ಬಿಸಿಲಿಗೆ ಒಣಗಿಸಿ. ದಮ್ಮಿನವರಿರುವ ಕೋಣೆಯಲ್ಲಿ ಲೋಬಾನ್, ಊದುಬತ್ತಿ, ಗಾಢ ಅತ್ತರ್ ಬೇಡ. ವುಝೂದಲ್ಲಿ ಮೂಗಿಗೆ ನೀರು ಏರಿಸಿ ಸೀನುವುದನ್ನು ಅವಸರದಲ್ಲಿ ಮುಗಿಸದೆ ಸರಿಯಾಗಿ ಮಾಡಿದರೆ ಧೂಳು, ಪರಾಗ ಒಂದಷ್ಟು ತೊಳೆದುಹೋಗುತ್ತದೆ. ಖಾರ ಕುಟ್ಟುವ ಗಿರಣಿಯಲ್ಲಿ ಎಲ್ಲರಿಗೂ ಸೀನು ಬರುತ್ತದೆ, ಅದು ಅಲರ್ಜಿಯಲ್ಲ, ಬರೀ ಘಾಟು. ಅದಕ್ಕೆ ಬೇಕಾದದ್ದು ಮೂಗಿಗೆ ಬಟ್ಟೆ, ಗುಳಿಗೆಯಲ್ಲ.

ಇನ್ನು ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಗಿಡವನ್ನು ಕರ್ನಾಟಕ ಸರ್ಕಾರ 1975ರಲ್ಲೇ ಹಾನಿಕಾರಕ ಕಳೆ ಎಂದು ಸಾರಿತ್ತು. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಒಂದಷ್ಟು ತಿಂದಿತು, ಗಿಡ ಇನ್ನೂ ಉಳಿದಿದೆ. ಕೀಳುವುದಾದರೆ ಹೂ ಬಿಡುವ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಕೈಗೆ ಕೈಗವಸು ಇಲ್ಲವೇ ಪ್ಲಾಸ್ಟಿಕ್ ಚೀಲ, ಮೂಗಿಗೆ ಬಟ್ಟೆ, ತುಂಬುತೋಳಿನ ಅಂಗಿ ಇರಲಿ. ಈಗಾಗಲೇ ದಮ್ಮು, ಮೈತುರಿಕೆ ಇರುವವರನ್ನು ಆ ಕೆಲಸಕ್ಕೆ ಕರೆಯಬೇಡಿ. ಕಿತ್ತ ಗಿಡ ಒಣಗಿದ ಮೇಲೂ ಮೈಗೆ ತಾಗಿದರೆ ತುರಿಕೆ ತರುತ್ತದೆ, ಆದ್ದರಿಂದ ಅಂಗಳದಲ್ಲಿ ಒಟ್ಟಿಡದೆ ಮನೆಯಿಂದ ದೂರ ಗುಂಡಿ ತೋಡಿ ಮುಚ್ಚಿ.